ಉದ್ದದ ಪೈಪು

ಬೇಸಿಗೆಯ ಕಡೇ ವಾರ, ಮಧ್ಯಾಹ್ನ ಮೂರರ ಹೊತ್ತು, ಶೆಡ್ಡಿನ ತಗಡು ಕಾದು ಟಕ್ ಟಕ್ ಅನ್ನುತ್ತಿತ್ತು, ಇದೆಲ್ಲ ಶುರುವಾದದ್ದು ಆಗ — ಇವತ್ತು ಅದೇ ತಗಡಿನ ಮೇಲೆ ಮಳೆ, ಅದೂ ಟಕ್ ಟಕ್ಕೇ, ಕಿವಿಗೆ ಎರಡೂ ಒಂದೇ — ಅವನು ಅಳಿಯನ ಪುಟ್ಟ ಕಾರಿನ ಬಾನೆಟ್ಟಿನೊಳಗೆ ಬಗ್ಗಿ ಮೂರನೆಯ ಪ್ಲಗ್ಗು ಬಿಚ್ಚುತ್ತಾನೆ, ಸ್ಪಾನರು ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಾನೆ, ತೂತಿನಿಂದ ಕಂದು ನೀರು ಪಿಚಕ್ ಅಂತ ಹಾರಿ ಅಂಗಿ ತೋಯುತ್ತದೆ, ಅರ್ಧ ಸುತ್ತಿನಲ್ಲೇ ಎಲ್ಲೋ ಕಚ್ಚಿ ನಿಲ್ಲುತ್ತದೆ, ಪಿಸ್ಟನ್ನಿನ ರಾಡು ಬಗ್ಗಿದೆ, ಬಗ್ಗದೆ ಏನು ಮಾಡೀತು, ಗಾಳಿ ಕುಡಿಯುವ ಬಾಯಿಗೆ ನೀರು ಕುಡಿಸಿದರೆ — ಕುಡಿಸಿದ್ದು ಯಾರು, ಈ ಕೈ, ನಲವತ್ತೆರಡು ವರ್ಷ ಎಂಜಿನ್ನು ಬಿಚ್ಚಿದ ಕೈ. ತಲೆ ಎತ್ತಿದರೆ ಹಲಗೆಯ ಮೇಲೆ ಆ ಕಪ್ಪು ಡಬ್ಬಿ, ಕಾರಿನ ಜೊತೆ ಹುಟ್ಟಿದ ಗಾಳಿ ಡಬ್ಬಿ, ಆನೆ ಹೊಳೆ ದಾಟುವಾಗ ಸೊಂಡಿಲು ಎತ್ತಿದ ಹಾಗೆ ಮೂಗು ಮೇಲಕ್ಕೆ.

ಬೇಸಿಗೆಯ ಆ ಮಧ್ಯಾಹ್ನ ಅಳಿಯ, ಮಗು ಬೊಂಬೆ ತಂದ ಹಾಗೆ ತಂದಿದ್ದ ರಟ್ಟಿನ ಪೆಟ್ಟಿಗೆ, ಒಳಗೆ ಎಂಜಿನ್ನಿಗೆ ಗಾಳಿ ಕೊಡುವ ಹೊಳೆಯುವ ಪೈಪು ಎರಡು, ಒಂದು ಗಿಡ್ಡ ಒಂದು ಉದ್ದ, ಕೆಂಪು ಬಟ್ಟೆಯ ಫಿಲ್ಟರು, ನಾಲ್ಕು ಕ್ಲಾಂಪು, ಮಾವ, ಇದು ಹಾಕಿದ್ರೆ ಗಾಡಿ ಹುಲಿ ಥರ ಗುರ್ ಅನ್ನುತ್ತಂತೆ ಅಂದ, ಹುಲಿ ಚರ್ಮ ಹೊದ್ದ ಕತ್ತೇನೂ ಗುರ್ ಅಂದ್ಬಿಡುತ್ತಾ ಅಂದರು ಅತ್ತೆ ಬಾಗಿಲಲ್ಲಿ ನಿಂತು, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಐದು ತಿಂಗಳು ಆಗ, ನಗಿಸಬೇಡಮ್ಮ ಒದೀತಾ ಇದೆ ಅಂದಳು, ಅಮ್ಮ ಮಗಳು ಕಾಫಿಗೆ ಒಳಗೆ ಹೋದರು. ಗಿಡ್ಡ ಪೈಪು ಹಾಕಿದರೆ ಫಿಲ್ಟರು ಮೇಲೆ, ಬ್ಯಾಟರಿಯ ಪಕ್ಕ, ಉದ್ದದ್ದು ಹಾಕಿದರೆ ಕೆಳಗೆ, ಬಂಪರಿನ ಹಿಂದೆ, ನೆಲದಿಂದ ಒಂದು ಗೇಣು, ಮಾವ ಗಿಡ್ಡದೇ ಸಾಕು ಅಂದ ಅಳಿಯ, ಅಂದನಲ್ಲ, ಸ್ಪಷ್ಟವಾಗಿ ಅಂದ, ಮಳೆಗಾಲ ಬಂತಲ್ಲ, ಕೆಳಗಿದ್ರೆ ನೀರು ಎಳ್ಕೊಳ್ಳಲ್ವಾ. ಆಗ ಮಾವನೊಳಗಿನ ಮೇಸ್ತ್ರಿ ಎದ್ದು ಕೂತ. ಮೇಲಿಟ್ಟರೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಂಜಿನ್ನಿಗೆ ಕುಡಿಸಿದ ಹಾಗೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡ ಹಾಗೆ, ಕೆಲಸ ಅಂದ್ರೆ ಸರಿಯಾಗಿ ಮಾಡ್ಬೇಕು ಅಳಿಯಂದ್ರೇ, ಮಳೆಗೆ ಮೊದ್ಲೇ ಕೊಡೆ ಬಿಚ್ಕೊಂಡು ನಿಲ್ಲೋರ ಥರ ಆಡ್ಬೇಡಿ — ತಾನೇ ನಕ್ಕ, ಅಳಿಯನೂ ನಕ್ಕ, ತೂತು ಕೊರೆದಾಯಿತು, ಕ್ಲಾಂಪು ಬಿಗಿದಾಯಿತು, ಉದ್ದದ ಪೈಪು ಕೆಳಗಿಳಿಯಿತು. ಗಾಳಿ ಬಾಯಿ ಸೊಂಟಕ್ಕಿಂತ ಕೆಳಗೆ ಇಳಿಸಬೇಡ ಕಣೋ, ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಹೇಳಿದ ಮಾತು, ನೆನಪಿರಲಿಲ್ಲವೇ, ಇತ್ತು, ಇದ್ದೂ ಇಳಿಸಿದ, ಹೊಗಳಿಸಿಕೊಳ್ಳುವ ಚಪಲ. ಬಿಚ್ಚಿದ ಕಪ್ಪು ಡಬ್ಬಿಯನ್ನು ಒರೆಸಿ ಹಲಗೆಯ ಮೇಲಿಟ್ಟ, ಮೂಗು ಮೇಲಕ್ಕೆ.

ಆಮೇಲೆ ಮಳೆ ಹಿಡಿಯಿತು, ಮಗಳಿಗೆ ಎಂಟು ತುಂಬುವ ಮೊದಲೇ ನೋವು, ಬೆಳಿಗ್ಗೆ ಹತ್ತು ಗಂಟೆ, ಅಳಿಯ ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟ, ಸೇತುವೆಯ ಕೆಳಗಿನ ತಗ್ಗು ರಸ್ತೆಯಲ್ಲಿ ಮೊಣಕಾಲುದ್ದ ನೀರು, ಮುಂದೆ ಹೋದ ಹಾಲಿನ ಗಾಡಿ ದಾಟಿತು, ಹಿಂದಿದ್ದ ಇಂಥದೇ ಪುಟ್ಟ ಕಾರೊಂದು ಪಕ್ಕದಲ್ಲಿ ನಿಧಾನಕ್ಕೆ ದಾಟಿ ಹೋಯಿತು, ಇದು ಮಾತ್ರ ನಟ್ಟನಡುವೆ ಒಂದು ಸಲ ಕೆಮ್ಮಿ ನಿಂತಿತು, ಅಳಿಯ ಅವಳನ್ನು ಎತ್ತಿಕೊಂಡು ನೀರಿನಲ್ಲಿ ನಡೆದ, ಯಾರೋ ಬಂದರು, ಇನ್ನೊಂದು ಗಾಡಿ ಸಿಕ್ಕಿತು, ಆಸ್ಪತ್ರೆ ಸಿಕ್ಕಿತು, ಮುಕ್ಕಾಲು ಗಂಟೆ ತಡ. ಹೆಣ್ಣು ಕೂಸಂತೆ. ಮೊದಲೇ ಬಂದಿದ್ದರೆ ಅಂದರು ಡಾಕ್ಟರಮ್ಮ, ಉಸಿರಿಲ್ಲದ್ದನ್ನು ಬಟ್ಟೆಯಲ್ಲಿ ಸುತ್ತಿ ಅಳಿಯನ ಕೈಗಿಟ್ಟರು.

ಮನೆಗೆ ಬಂದ ಮೇಲೆ ಮಗಳು ಗೋಡೆಗೆ ಮುಖ ಮಾಡಿಕೊಂಡು, ನಿಮ್ಮ ಶಬ್ದದ ಹುಚ್ಚು ನನ್ನ ಕೂಸನ್ನ ತಿಂತು ಅಂದಳು ಗಂಡನಿಗೆ, ಅಷ್ಟೇ, ದನಿ ಏರಿಸದೆ. ಅಳಿಯ ಮಾವನ ಕಡೆ ನೋಡಿದ. ಒಂದೇ ಸಲ. ಮಾವನ ಕೈಯಲ್ಲಿ ಲೋಟ ಇತ್ತು, ನೀರು ಜಾಸ್ತಿ ಇತ್ತಮ್ಮಾ ಅಂದ ಮಾವ, ಲೋಟದೊಳಗೇ ನೋಡುತ್ತಾ — ಅವನು ಗಿಡ್ಡದ್ದು ಸಾಕು ಅಂದಿದ್ದ ಮಗಳೇ, ಹಟ ಮಾಡಿದ್ದು ನಾನು, ಎಷ್ಟು ಮಾತು, ಬೆರಳೆಣಿಕೆಯಷ್ಟು, ಅದನ್ನು ಬಿಟ್ಟು ಲೋಟ ತೊಳೆಯಲು ಬಚ್ಚಲಿಗೆ ನಡೆದ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ. ಮೂರು ದಿನ ಅಳಿಯ ಅವಳ ಬಾಗಿಲಾಚೆ ಚಾಪೆ ಹಾಸಿಕೊಂಡು ಮಲಗಿದ, ಅವಳು ಬಾಗಿಲು ತೆರೆಯಲಿಲ್ಲ, ನಾಲ್ಕನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಶೆಡ್ಡಿನ ಮುಂದೆ ನಿಂತ, ಅವನೂ ಹಲಗೆಯ ಮೇಲಿನದ್ದನ್ನು ನೋಡಿದ, ಮಾವ, ನಾನು ಹೇಳಲ್ಲ, ಅವಳಿಗೆ ಅಪ್ಪನಾದ್ರೂ ಉಳೀಲಿ ಅಂದ, ಗಾಡಿ ಇಲ್ಲೇ ಇರ್ಲಿ ಅಂದ, ನಡೆದುಕೊಂಡೇ ಹೋದ, ಕೂಗಿದ್ದರೆ ತಿರುಗುತ್ತಿದ್ದ, ಬೀದಿಯ ತುದಿಯ ತನಕ ಕೂಗು ಕೇಳುವಷ್ಟು ದೂರದಲ್ಲೇ ಇದ್ದ.

ಎರಡು ದಿನವಾಯಿತು. ಒಳಗೆ ಮಗಳು ಎದ್ದು ಓಡಾಡುವ ಸಪ್ಪಳ, ಅಪ್ಪಾ, ಇನ್ನೂ ಆ ಗಾಡಿ ಹತ್ರ ಏನ್ ಮಾಡ್ತಿದ್ದೀರ, ಗುಜರಿಗೆ ಹಾಕಿ ಅದನ್ನ ಅಂತಾಳೆ, ಹೂಂ ಅಂತಾನೆ, ಈಗ ಹೇಳಬಹುದು, ಎಂಟು ಹೆಜ್ಜೆ, ಬಾಗಿಲು ತೆರೆದೇ ಇದೆ, ಒದ್ದೆ ಕೈ ಒರೆಸಿಕೊಳ್ಳುತ್ತಾನೆ, ಇನ್ನೊಂದು ಸಲ ಒರೆಸಿಕೊಳ್ಳುತ್ತಾನೆ, ಸ್ಪಾನರು ಮತ್ತೆ ಕೈಗೆ ಬರುತ್ತದೆ, ತೂತಿನಿಂದ ಇನ್ನೊಂದು ಗುಟುಕು ನೀರು, ತಗಡಿನ ಮೇಲೆ ಟಕ್ ಟಕ್, ತಲೆ ಎತ್ತಬಾರದು ಅಂದುಕೊಂಡೇ ಎತ್ತುತ್ತಾನೆ, ಹಲಗೆ, ಕಪ್ಪು ಡಬ್ಬಿ, ಮೂಗು ಮೇಲಕ್ಕೆ, ಅಳಿಯ ಹೋದದ್ದು ಗುರುವಾರ, ಕಪ್ಪು ಡಬ್ಬಿ, ಮೂಗು ಮೇಲಕ್ಕೆ.