ನೆಲದ ಡಾಕ್ಟರು

ಬರಿಗೈಯಲ್ಲಿ ನಡೆಯುವಾಗಲೂ ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ತರಕಾರಿಗೆ ಹೊರಟಿರಲಿ, ಕ್ಷೌರಕ್ಕೆ ಹೊರಟಿರಲಿ, ನೆರೆಯವರ ಸಾವಿನ ಮನೆಗೇ ಹೊರಟಿರಲಿ, ಆ ಕೈ ಮೊಣಕೈಯಿಂದ ಕೆಳಗೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಬೀಸುತ್ತಲೇ ಇರುತ್ತಿತ್ತು. ಹೆಜ್ಜೆ ಆ ಬೀಸಿಗೆ ತಕ್ಕಂತೆ ಬೀಳುತ್ತಿತ್ತು. ದೃಷ್ಟಿ ನೆಲದ ಮೇಲೆ, ತಲೆ ತುಸು ವಾಲಿ, ಯಾರೋ ಪಿಸುಗುಟ್ಟುತ್ತಿರುವುದನ್ನು ಆಲಿಸುವ ಭಂಗಿ. ಎದುರು ಬಂದವರೇ ದಾರಿ ಬಿಡಬೇಕು, ಏಕೆಂದರೆ ಎದುರು ಬಂದವರನ್ನು ಅವರು ಕಣ್ಣೆತ್ತಿ ನೋಡಿದ್ದೇ ಅಪರೂಪ. ಹೊಸಬರು ಅಯ್ಯೋ ಪಾಪ, ಪಾರ್ಶ್ವವಾಯು ಬಡಿದಿರಬೇಕೆಂದು ಮರುಗುತ್ತಿದ್ದರು. ನಮ್ಮ ಬೀದಿಯವರಿಗೆ ಗೊತ್ತಿತ್ತು: ಆ ಕೈಗೆ ಒಂದು ಉದ್ದನೆಯ ಕೋಲಿನ ಅಭ್ಯಾಸ, ಕೋಲಿನ ತುದಿಗೆ ತಟ್ಟೆಯಗಲದ ಒಂದು ಸುರುಳಿ, ನೆಲದೊಳಗಿನ ಲೋಹವನ್ನು ಸದ್ದಿನಿಂದ ಹೇಳುವ ಆ ಯಂತ್ರವನ್ನು ಅವರು ಮನೆಯಲ್ಲಿ ಬಿಟ್ಟು ಬಂದರೂ ಕೈ ಅದನ್ನು ಬಿಟ್ಟು ಬರುತ್ತಿರಲಿಲ್ಲ.

‘ನೆಲದ ಡಾಕ್ಟರು’ ಎಂದು ಹೆಸರಿಟ್ಟವನು ಬೀದಿಯ ಮೂಲೆಯ ಕ್ಷೌರಿಕ. ಕಿವಿಗೆ ಹೆಡ್‌ಫೋನ್ ಏರಿಸಿ, ಹುಬ್ಬು ಗಂಟಿಕ್ಕಿ, ಹುಲ್ಲಿನ ಮೇಲೆ ಸುರುಳಿ ತೇಲಿಸುತ್ತ ನಿಲ್ಲುವ ಅವರನ್ನು ಕಂಡರೆ ಎದೆಬಡಿತ ಕೇಳುವ ವೈದ್ಯರ ನೆನಪಾಗುವುದು ಸಹಜವೇ. ಸಂಜೆ ಅವರು ಮೈದಾನದಿಂದ ಮರಳುವಾಗ ಕ್ಷೌರಿಕ ಕತ್ತರಿಯನ್ನು ಗಿರಾಕಿಯ ತಲೆಯ ಮೇಲೆಯೇ ನಿಲ್ಲಿಸಿ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ: “ಡಾಕ್ಟ್ರೇ, ರೋಗಿ ಹೇಗಿದಾನೆ?”

“ಉಸಿರಾಡ್ತಿದಾನೆ.”

ಅಷ್ಟೇ. ಬೆಳಗಿನಿಂದ ಬೈಗಿನವರೆಗೆ ಅವರ ಬಾಯಿಂದ ಬಂದ ಮಾತು ಅದೊಂದೇ ಆಗಿರುತ್ತಿದ್ದ ದಿನಗಳು ಬೇಕಾದಷ್ಟು.

ಒಂಟಿ ಜೀವ. ಮದುವೆಯ ಮಾತು ಯಾವಾಗಲೋ ಬಂದು ಯಾವಾಗಲೋ ಹೋಗಿತ್ತು. ಉದ್ಯೋಗದಲ್ಲಿದ್ದಷ್ಟು ಕಾಲ ದೂರವಾಣಿಯ ಕೇಬಲ್ ದುರಸ್ತಿ. ರಸ್ತೆಯಡಿ ಎಲ್ಲೋ ತಂತಿ ಕೆಟ್ಟರೆ, ಇದೇ ಬಗೆಯ ಹೆಡ್‌ಫೋನ್ ತೊಟ್ಟು ರಸ್ತೆಯುದ್ದಕ್ಕೂ ನಡೆದು, ತಂತಿಯೊಳಗಿನ ಸದ್ದು ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು “ಇಲ್ಲಿ ಅಗೀರಿ” ಎನ್ನುವುದು ಅವರ ಕೆಲಸ. ಕೂಡಿಸಿದ ತಂತಿಗೆ ಪರೀಕ್ಷೆಯ ಫೋನು ತಗಲಿಸಿದಾಗ ಊರಿನ ಮಾತೆಲ್ಲ ಕಿವಿಗೆ ಬೀಳುತ್ತಿತ್ತು: ಚೌಕಾಸಿ, ಜಗಳ, ಅತ್ತೆ ಸೊಸೆಯರ ದೂರು, ಹೆದರಿ ಹೆದರಿ ಆಡಿದ ಪ್ರೀತಿಯ ಮಾತು. ಒಂದನ್ನೂ ಅವರು ಹೊರಗೆ ಬಿಟ್ಟವರಲ್ಲ. ಅಷ್ಟೊಂದು ಮಾತು ಆ ಕಿವಿಯನ್ನು ಹಾದುಹೋಯಿತು, ಅವರಿಗೆಂದು ಆಡಿದ್ದು ಅದರಲ್ಲಿ ಒಂದೂ ಇರಲಿಲ್ಲ.

ನಿವೃತ್ತಿಯಾದಾಗ ಇಲಾಖೆಯಿಂದ ಅವರ ಜೊತೆ ಬಂದದ್ದು ಒಂದು ಖಾಕಿ ಕೋಟು. ಯಂತ್ರವನ್ನು ಯಾರೋ ಬೇಡವೆಂದು ಮಾರಿದ್ದನ್ನು ಕೊಂಡರು. ಮುಳ್ಳಿಲ್ಲ, ಪರದೆಯಿಲ್ಲ, ಹೇಳುವುದೆಲ್ಲ ಸದ್ದಿನಲ್ಲೇ ಹೇಳುವ ಹಳೆಯ ಮಾದರಿ. ಊರಾಚೆಯ ಆ ಮೈದಾನದಲ್ಲಿ ಹಿಂದೆ, ಹಡಗಿನಲ್ಲಿ ಬಂದು ಆಳಿಹೋದ ಪರದೇಶದವರ ಸೈನಿಕರ ಬಿಡಾರವಿತ್ತಂತೆ, ಬಿಡಾರದ ಬೆನ್ನಿಗೇ ಸಂತೆ ನೆರೆಯುತ್ತಿತ್ತಂತೆ. ಸಂತೆಯೆಂದ ಮೇಲೆ ಕೈಜಾರುವುದು ಇದ್ದದ್ದೇ. ಹಾಗೆ ಜಾರಿ ಮಣ್ಣು ಸೇರಿದ ತಾಮ್ರದ ಕಾಸುಗಳೇ ನಮ್ಮ ಡಾಕ್ಟರ ಬೇಟೆ: ಒಂದು ಮುಖದಲ್ಲಿ ಮೂಗು ಸವೆದ ರಾಜ, ಇನ್ನೊಂದರಲ್ಲಿ ಎಲೆಯ ಬಳ್ಳಿಯ ನಡುವೆ ಇಸವಿ, ಮೈತುಂಬ ಹಸಿರು ಕಿಲುಬು. ಕಬ್ಬಿಣ ಸಿಕ್ಕರೆ ಯಂತ್ರ ಕೆಳದನಿಯಲ್ಲಿ ಗುರುಗುಟ್ಟುತ್ತಿತ್ತು. ತಾಮ್ರವಾದರೆ ಸಣ್ಣಗೆ, ಮೇಲುದನಿಯಲ್ಲಿ, ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದೊಡನೆ ಅವರು ಮಂಡಿಯೂರಿ, ಹುಲ್ಲನ್ನು ಮುಚ್ಚಳದಂತೆ ಎತ್ತಿ, ಕಾಸು ತೆಗೆದು, ಹುಲ್ಲನ್ನು ಮತ್ತೆ ಕೂರಿಸಿ ಅಂಗೈಯಿಂದ ತಟ್ಟುತ್ತಿದ್ದರು. ಆಮೇಲೆ ಕಾಸನ್ನು ಬಾಯಿಯ ಹತ್ತಿರ ಹಿಡಿದು, ಅದನ್ನು ಎಂದೋ ಕಳೆದುಕೊಂಡ ಆ ಯಾರಿಗೋ ಒಂದು ಮಾತು: “ಸಿಕ್ತು ಕಣಪ್ಪ. ಇನ್ನು ಹುಡುಕ್ಬೇಡ.”

ಕಾಸು ತೊಳೆಯುವುದನ್ನು ಕಂಡರೆ ಅವರಿಗಾಗದು. ಸಿಕ್ಕಿದ ಮೊತ್ತಮೊದಲ ಕಾಸನ್ನು, ಹುಮ್ಮಸ್ಸಿನಲ್ಲಿ, ನಿಂಬೆಹಣ್ಣು ಬೂದಿ ಹಾಕಿ ತಿಕ್ಕಿದ್ದರು. ಕಾಸು ಹೊಸ ಪಾತ್ರೆಯಂತೆ ಥಳಥಳಿಸಿತು, ಆದರೆ ರಾಜನೂ ಇಲ್ಲ, ಇಸವಿಯೂ ಇಲ್ಲ. ಕಿಲುಬಿನ ಜೊತೆಗೇ ಮುಖವೂ ಎದ್ದುಹೋಗಿತ್ತು. “ಹಸಿರು ಬಟ್ಟೆ ಹೊದ್ದು ಮಲಗಿದ್ದ ಮನುಷ್ಯನ ಚರ್ಮ ಸುಲಿದುಬಿಟ್ಟೆನಲ್ಲಮ್ಮಾ” ಎಂದು ಟೈಲರಕ್ಕನ ಮುಂದೆ ಹೇಳಿಕೊಂಡರಂತೆ. ಅಂದಿನಿಂದ ಹೆಬ್ಬೆರಳೊಂದೇ ಅವರ ಸಾಬೂನು. ಎಡಜೇಬಿಗೆ ಮೊಳೆ, ತಿರುಪು, ತುಕ್ಕುಹಿಡಿದ ಚಿಲಕ; ಬಲಜೇಬಿಗೆ ತಾಮ್ರ. ನಡೆಯುವಾಗ ಬಲಜೇಬಿನೊಳಗೆ ಹೆಬ್ಬೆರಳು ಯಾವುದೋ ರಾಜನ ಕೆನ್ನೆಯನ್ನು ಸವರುತ್ತಲೇ ಇರುತ್ತಿತ್ತು.

ಈ ಟೈಲರಕ್ಕನ ಅಂಗಡಿ ಅವರ ತಾರಸಿಕೋಣೆಯ ಕೆಳಗೇ. ಗೊಗ್ಗರು ದನಿ, ಜೋರು ಬಾಯಿ, ಮೆತ್ತನೆಯ ಮನಸ್ಸು. ತಾಮ್ರದ ಭಾರಕ್ಕೆ ಕೋಟಿನ ಬಲಜೇಬು ಪದೇಪದೇ ಹರಿಯುತ್ತಿತ್ತು. ಅವರು ಪದೇಪದೇ ತರುತ್ತಿದ್ದರು. ಅವಳು ಬೈದುಕೊಂಡೇ ಹೊಲಿಯುತ್ತಿದ್ದಳು. ಕೊನೆಗೆ ಬೇಸತ್ತು, ಡೇರೆ ಬಟ್ಟೆಯ ತುಂಡೊಂದನ್ನು ಒಳಗೆ ಕೊಟ್ಟು ಜಡಿದಳು. “ಇನ್ನು ಕೋಟು ಹರಿದೀತು, ಜೇಬು ಹರಿಯಲ್ಲ ನೋಡಣ್ಣ.” ಅವರು ಜೇಬಿಗೆ ಕೈ ಹಾಕಿ ತೂಗಿ ನೋಡಿ, ಮಗುವಿನಂತೆ ನಕ್ಕರು.

ಅವರಿಗೊಬ್ಬಳು ತಂಗಿ, ದೂರದ ಊರಿನಲ್ಲಿ. ಭಾನುವಾರ ಬೆಳಗ್ಗೆ ತಪ್ಪದೆ ಫೋನು ಮಾಡುವಳು. ಎಳೆದ ನೂಲಿನಂಥ ಸಣ್ಣ ದನಿ ಅವಳದು. ಟೈಲರಕ್ಕ ಒಮ್ಮೆ ಫೋನಿನಲ್ಲಿ ಮಾತಾಡಿಸಿ, ಶಾಲೆಗೆ ಹೋಗುವ ಹುಡುಗಿ ಅಂದುಕೊಂಡಿದ್ದಳು. ಭಾನುವಾರಗಳಂದು ತಾರಸಿಯ ಮೇಲಿಂದ “ಹೂಂ… ಆಮೇಲೆ?… ಅಯ್ಯೋ ಪೆದ್ದಿ…” ಎಂಬ ಮಾತು ಕೆಳಗಿಳಿದು ಬರುತ್ತಿತ್ತು. ವಾರದ ಮಾತನ್ನೆಲ್ಲ ಅವರು ಆ ಹೊತ್ತಿಗೆಂದೇ ಕೂಡಿಟ್ಟಿರುತ್ತಿದ್ದರೇನೋ.

ಒಂದು ವರ್ಷ ಆ ಮಾತಿನ ಧಾಟಿ ಬದಲಾಯಿತು. “ಏನಂದೆ? ಜೋರಾಗಿ ಹೇಳು! ಲೈನಲ್ಲಿ ನೀರು ಸೇರಿದೆ ಕಣೇ, ನಿಮ್ಮ ಕಡೆ ಕೇಬಲ್ ಕೆಟ್ಟಿದೆ, ಕಂಪ್ಲೇಂಟ್ ಕೊಡು!” ಜೀವಮಾನವೆಲ್ಲ ತಂತಿಯ ದೋಷ ಹಿಡಿದವರು, ದೋಷ ಇನ್ನೆಲ್ಲಿ ಇದ್ದೀತು? ಅವಳು ದೂರು ಕೊಟ್ಟಳು, ರಿಪೇರಿಯವರು ಬಂದು ಎಲ್ಲ ಸರಿಯಿದೆಯೆಂದರು, ಇವರು ಅವರ ಕೆಲಸವನ್ನೇ ಹಳಿದರು. ಕಡೆಗೆ ಫೋನು ಎತ್ತುವುದನ್ನೇ ಬಿಟ್ಟರು. ಭಾನುವಾರ ಗಂಟೆ ಬಡಿದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿದುಕೊಳ್ಳುತ್ತಿತ್ತು. “ಎತ್ತಬಾರದೇನಣ್ಣಾ?” ಎಂದು ಟೈಲರಕ್ಕ ಕೇಳಿದರೆ, “ಸತ್ತ ಲೈನು. ಎತ್ತಿ ಏನ್ಮಾಡ್ಲಿ?” ಎನ್ನುವರು. ಅವಳ ಗೊಗ್ಗರು ದನಿ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು, ಕ್ಷೌರಿಕನ ಕೂಗಂತೂ ಕೇಳದವರೇ ಇಲ್ಲ. ಹಾಗಾಗಿ ಅವರಿಗೂ ಅನುಮಾನ ಬರಲಿಲ್ಲ, ನಮಗೂ ಬರಲಿಲ್ಲ.

ಅದೇ ಕಾಲಕ್ಕೆ ಮೈದಾನವೂ ಅವರಿಗೆ ಮುನಿಯಿತು. ದಿನವೆಲ್ಲ ಬೀಸಿದರೂ ಗುರುಗುಟ್ಟುವ ಕಬ್ಬಿಣವೇ ಹೊರತು ಒಂದು ಸಿಳ್ಳೆಯಿಲ್ಲ. ಹಳೆಯ ಜಾಗ ಬಿಟ್ಟು ಹೊಸ ಜಾಗ ಹಿಡಿದರು, ಬ್ಯಾಟರಿ ಬದಲಿಸಿದರು, ಸುರುಳಿಯನ್ನು ಬಿಚ್ಚಿ ಕಟ್ಟಿದರು. ಮುಖ ಸಣ್ಣದಾಗುತ್ತ ಬಂತು. ಒಂದು ಸಂಜೆ ಕ್ಷೌರಿಕ ಎಂದಿನಂತೆ ಕೂಗಿದ್ದಕ್ಕೆ ಅವರು ನಿಂತು, “ಹೋಗ್ಬಿಟ್ಟ ಕಣಯ್ಯಾ. ರೋಗಿ ಹೋಗ್ಬಿಟ್ಟ. ನೆಲದಲ್ಲಿ ಏನೂ ಉಳಿದಿಲ್ಲ,” ಎಂದರು. ಕತ್ತರಿ ಹಿಡಿದವನು ಗಿರಾಕಿಯ ತಲೆಯತ್ತ ತಿರುಗಿದ.

ಮಾರನೆಯ ಬೆಳಗ್ಗೆ ಕೋಟನ್ನು ತಂದು ಟೈಲರಕ್ಕನ ಮೇಜಿನ ಮೇಲಿಟ್ಟರು. “ಎಡಜೇಬು ಹರಿದಿದೆ, ಹೊಲಿದುಬಿಡಮ್ಮ. ಬಲಗಡೆಯ ಡೇರೆ ಬಟ್ಟೆ ಬಿಚ್ಚಿಕೋ, ಬೇರೆ ಯಾರಿಗಾದ್ರೂ ಆಗತ್ತೆ. ಮಿಷಿನ್ನು ಗುಜರಿಗೆ ಕೊಡ್ತೀನಿ.” ಹೇಳಿ ಬೇರೆ ಕಡೆ ನೋಡಿದರು.

ಅವಳು ಕೋಟನ್ನು ತಿರುಗಿಸಿ ನೋಡಿದಳು. ಬಟ್ಟೆ ಓದುವುದು ಅವಳ ಕಸುಬು. ಎಡಜೇಬು ಮೊಳೆಗಳ ಭಾರಕ್ಕೆ ಜೋತು ಹರಿದಿತ್ತು. ಬಲಜೇಬು ಹೊಲಿದ ದಿನದಂತೆಯೇ ಬಿಗಿಯಾಗಿತ್ತು. ಗುರುಗುಟ್ಟುವುದೆಲ್ಲ ಸಿಗುತ್ತಿದೆ, ಸಿಳ್ಳೆ ಹಾಕುವುದು ಒಂದೂ ಸಿಗುತ್ತಿಲ್ಲ. ನೆಲ ಖಾಲಿಯಾಗುವುದಾದರೆ ಎರಡೂ ಖಾಲಿಯಾಗಬೇಡವೇ? ಆಗ ಅವಳಿಗೆ ಭಾನುವಾರದ ಆ ಸಣ್ಣ ದನಿಯ ನೆನಪಾಯಿತು: ಅದೂ ಸಿಳ್ಳೆಯಂತೆಯೇ ಮೇಲುದನಿ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ, “ಮಾರೋಕ್ ಮುಂಚೆ ನಂಗೂ ಒಂದ್ಸಲ ತೋರ್ಸಣ್ಣ. ಇಷ್ಟು ವರ್ಷ ಜೇಬು ಹೊಲ್ದಿದೀನಿ, ಅಷ್ಟೂ ಇಲ್ವಾ?” ಎಂದು ದಬಾಯಿಸಿ, ಅಂಗಡಿ ಮುಚ್ಚಿ ಹೊರಟಳು.

ಮೈದಾನದಲ್ಲಿ ಅವರು ಹೆಡ್‌ಫೋನನ್ನು ಅವಳ ಕಿವಿಗೆ ತೊಡಿಸಿ, ತಾವು ಕೋಲು ಹಿಡಿದು ಬೀಸುತ್ತ ನಡೆದರು. ಹಳೆಯ ಬಾವಿಕಟ್ಟೆಯ ಪಕ್ಕ, ಅವರು ನೂರು ಸಲ ತುಳಿದು ಬರಿದೆಂದು ಬಿಟ್ಟಿದ್ದ ನೆಲದಲ್ಲಿ, ಅವಳ ಕಿವಿಗೆ ಸೂಜಿ ಚುಚ್ಚಿದಂತೆ ಸಿಳ್ಳೆ ಕೇಳಿಸಿತು. ಹೇಳಿದರೆ ಈ ಮನುಷ್ಯನಿಗೆ ಕಿವಿ ಹೋಯಿತು. ಹೇಳದಿದ್ದರೆ ನೆಲವೂ ಹೋಯಿತು, ತಂಗಿಯೂ ಹೋದಳು. ಅವಳು ಅವರ ತೋಳು ಹಿಡಿದು ನಿಲ್ಲಿಸಿದಳು.

“ಇಲ್ಲಿ ಅಗಿಯಣ್ಣ.”

“ಮೊಳೆ ಇರತ್ತೆ, ಬಿಡು.”

“ಮೊಳೆ ಹೀಗೆ ಸಿಳ್ಳೆ ಹಾಕತ್ತಾ?”

ಅವರು ಹೆಡ್‌ಫೋನ್ ಕಿತ್ತುಕೊಂಡು ತೊಟ್ಟು ಬೀಸಿದರು, ಮತ್ತೆ ಬೀಸಿದರು. ಮುಖದಲ್ಲಿ ಏನೂ ಕದಲಲಿಲ್ಲ. ಮಂಡಿಯೂರಿ ಹುಲ್ಲು ಎತ್ತಿದರು. ಹಸಿರುಗಟ್ಟಿದ ಕಾಸು, ರಾಜನ ಮೂಗು ಕೂಡ ನೆಟ್ಟಗಿತ್ತು. ಅದನ್ನು ಕಾಣುವಂತೆ ಹುಲ್ಲಿನ ಮೇಲಿಟ್ಟು, ತಂತಿ ಪರೀಕ್ಷಿಸುತ್ತಿದ್ದ ಹಳೆಯ ಶಿಸ್ತಿನಲ್ಲೇ, ಸುರುಳಿಯನ್ನು ಅದರ ನೆತ್ತಿಯ ಮೇಲೆ ಆಡಿಸಿದರು. ಕಣ್ಣೆದುರಿಗೆ ಕಾಸಿದೆ, ಕಿವಿಯಲ್ಲಿ ಸದ್ದಿಲ್ಲ. ಹೆಡ್‌ಫೋನ್ ತೆಗೆದು ಅವಳಿಗೆ ಕೊಟ್ಟು, ಮತ್ತೆ ಆಡಿಸಿ, ಅವಳ ಕಣ್ಣು ಕಿರಿದಾದುದನ್ನು ನೋಡಿದರು. ಆಮೇಲೆ ಬಾವಿಕಟ್ಟೆಯ ಮೇಲೆ ಕುಳಿತರು.

ಅಳುತ್ತಾರೆಂದು ಅವಳು ಹೆದರಿದ್ದಳು. ಅವರು ನಕ್ಕರು. “ರೋಗಿಗೇನೂ ಆಗಿಲ್ಲ ಕಣಮ್ಮಾ. ಡಾಕ್ಟ್ರಿಗೇ ಕಾಯಿಲೆ. ನಾನೆಲ್ಲೋ ನೆಲಾನೇ ಬರಿದಾಯ್ತು ಅಂದ್ಕೊಂಡಿದ್ದೆ.” ಆ ದನಿಯಲ್ಲಿದ್ದದ್ದು ನಿಜವಾದ ನೆಮ್ಮದಿಯೇ, ಅದನ್ನು ಕಂಡು ಅಳು ಬಂದದ್ದು ಅವಳಿಗೆ. ಕಾಸನ್ನು ಜೇಬಿಗೆ ಹಾಕಿ ಎದ್ದರು, ನಾಲ್ಕು ಹೆಜ್ಜೆ ಇಟ್ಟರು, ತಟ್ಟನೆ ನಿಂತರು. “ಹಾಗಾದ್ರೆ… ಲೈನೂ ಸರಿಯಾಗೇ ಇತ್ತು.” ಯಂತ್ರವನ್ನು ಅವಳ ಕೈಗೆ ತುರುಕಿ ದಾಪುಗಾಲು ಹಾಕಿದರು. ಕ್ಷೌರಿಕ ಏನೋ ಕೂಗಿದ, ತಿರುಗಲಿಲ್ಲ. ಆ ಬಲಗೈ ಬೀಸದೆ ನಡೆದದ್ದನ್ನು ನಮ್ಮ ಬೀದಿ ಕಂಡದ್ದು ಅವತ್ತೇ.

ಟೈಲರಕ್ಕ ಅಂಗಡಿ ತೆರೆದು ಕುಳಿತಾಗ ಮೇಲಿನಿಂದ ಮಾತು ಕೇಳುತ್ತಿತ್ತು. “ನಾನು ಕಣೇ… ಲೈನ್ ಸರಿ ಇದೆ. ಮೊದಲಿಂದಲೂ ಸರೀನೇ ಇತ್ತು. ಕೆಟ್ಟಿದ್ದು ನನ್ನ ಕಿವಿ. ನಿನ್ನನ್ನ ಸುಮ್ಮನೆ ಬೈದುಬಿಟ್ಟೆ… ಅಳ್ತಿದೀಯೇನೋ, ಅದೂ ಗೊತ್ತಾಗಲ್ಲ ನಂಗೆ. ಇಡಬೇಡ. ನೀನು ಮಾತಾಡ್ತಾ ಇರು, ನಾನು ಹಿಡ್ಕೊಂಡಿರ್ತೀನಿ.” ಆಮೇಲೆ ತಾರಸಿಯ ಮೇಲೆ ನಿಶ್ಶಬ್ದ. ಅಷ್ಟು ಹೊತ್ತೂ ಅವಳು ಹೊಲಿಗೆಯಂತ್ರದ ಚಕ್ರ ತಿರುಗಿಸಲಿಲ್ಲ.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಮಾತಾಡಿ ಲೋಕವನ್ನು ಸೇರಿಕೊಳ್ಳುವ ಕಲೆ ಅವರಿಗೆ ಬಾರದು. ಆಲಿಸುವುದೊಂದೇ ಅವರ ನಂಟು. ಸದ್ದು ನಿಂತರೆ ಲೋಕವೇ ಬರಿದಾಯಿತೆಂದು ನಂಬಿ, ಯಾರನ್ನೂ ಕೇಳದೆ, ಕೋಟು ಬಿಚ್ಚಿಟ್ಟು ಒಳಗೆ ಕುಳಿತುಬಿಡುತ್ತಾರೆ. ಲೋಕ ತುಂಬಿಯೇ ಇದೆ, ಕೊರತೆ ತಮ್ಮಲ್ಲಿ ಎಂದು ತಿಳಿದರೆ ಅವರಿಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚು. ಅಂಥವರೊಬ್ಬರಿಗೆ ನೀವು ಫೋನು ಮಾಡಿ, ಆ ಕಡೆಯಿಂದ ಒಂದು ಹೂಂ ಕೂಡ ಬರದಿದ್ದರೆ, ಬೇಗ ಇಟ್ಟುಬಿಡಬೇಡಿ. ಕಿವಿಗೊತ್ತಿಕೊಂಡು ಕೂತಿರುತ್ತಾರೆ.