ಬಿಟ್ಟ ಸ್ಥಳದಲ್ಲಿ ಹೂಮಳೆ

ಹಸಿರು, ಆದರೆ ನಮ್ಮ ಮಿಲಿಟರಿ ಹಸಿರಲ್ಲ, ಗಿಳಿಹಸಿರು, ಮುಂದಿನ ಬೆಂಚಿನ ಹುಡುಗಿ ಜಡೆಗೆ ಹಾಕಿರುವ ಬ್ಯಾಂಡು, ಅಂಥದ್ದನ್ನು ಕಟ್ಟಿಕೊಂಡು ಗಡಿಯಲ್ಲಿ ತಲೆ ಎತ್ತಿದರೆ ಮುಗಿಯಿತು ಕಥೆ, ಆದರೆ ಇಲ್ಲಿ ಮುಗಿಯುತ್ತಿರುವುದು ನನ್ನ ಕಥೆ, ಆಕೆ ಆಗಲೇ ಪುಟ ಮಗುಚಿದಳು, ನಾನಿನ್ನೂ ಬಿಟ್ಟ ಸ್ಥಳ ತುಂಬಿರಿ ಎಂಬಲ್ಲೇ ಠಿಕಾಣಿ ಹೂಡಿದ್ದೇನೆ, ವಿರಾಜಪೇಟೆಯ ಈ ಕಾಲೇಜಿನ ಬೆಂಚು ಮೀಸೆ ಮೂಡದ ಹುಡುಗರಿಗೆ ಮಾಡಿಸಿದ್ದು, ನನ್ನ ಮೊಣಕಾಲು ಒಳಗೆ ಹೋಗುವುದಿಲ್ಲ, ಒಂದು ಕಾಲು ಹೊರಗಿಟ್ಟಿದ್ದಕ್ಕೆ ಮೇಲ್ವಿಚಾರಕಿ ಮೇಡಂ ಎಡವಿದರು, ಸರ್ ಕಾಲು ಅಂದರು, ಸರ್ ಅಂದದ್ದು ನರೆ ನೋಡಿ, ಗೌರವ ಅಂತ ತಿಳಿದು ಉಬ್ಬಬೇಡ ತೀರ್ಥಪ್ರಸಾದ್, ಪ್ರಶ್ನೆ ಓದು — ಅವನು ಮಾತಿನಲ್ಲಿ ಡ್ಯಾಶ್, ಕೆಲಸದಲ್ಲಿ ಸೋಮಾರಿ — ವಾಚಾಳಿ, ಮಿತಭಾಷಿ, ಮೌನಿ, ಮೂಕ, ಇದು ನಮ್ಮ ಬೋಜಪ್ಪನ ಫೋಟೋ ಇಟ್ಟುಕೊಂಡೇ ಬರೆದ ಪ್ರಶ್ನೆ, ಒಂದೇ ದಿನ ಸೈನ್ಯದಿಂದ ರಿಟೈರಾಗಿ ಒಂದೇ ರೈಲಿನಲ್ಲಿ ಬಂದವರು ನಾವು, ದೆಹಲಿಯಿಂದ ಮೈಸೂರಿನವರೆಗೆ ಅವನ ಬಾಯಿ ಮುಚ್ಚಲಿಲ್ಲ, ಕನ್ನಡ ಪೇಪರಿಗೆ ಓದೋದು ಎಂತಕ್ಕೆ ಮಾರಾಯ, ನಮ್ಮದೇ ಭಾಷೆ ಅಲ್ವಾ ಅಂದವನೂ ಅವನೇ, ಅವನ ಮನೆಯಲ್ಲಿ ಕೊಡವ ತಕ್ಕ್, ನನ್ನ ಮನೆಯಲ್ಲಿ ಅರೆಭಾಷೆ, ಈ ನಮ್ಮದೇ ಭಾಷೆಯ ಮಾತನ್ನೂ ನಾವು ಆಡಿದ್ದು ಅರ್ಧ ಹಿಂದಿಯಲ್ಲಿ, ವಾಚಾಳಿ, ಕಪ್ಪು ಮಾಡು, ವೃತ್ತ ಪೂರ್ತಿ ತುಂಬಬೇಕು, ಗೆರೆ ದಾಟಬಾರದು, ಗೆರೆ ಕಾಯುವುದು ನಮಗೆ ಗೊತ್ತಿರುವ ಕೆಲಸ.

ಮುಂದಿನದು, ಹೇಳದೆ ಕೇಳದೆ ಅತಿಥಿಗಳು ಬಂದಾಗ ಮನೆಯೊಡತಿ ಡ್ಯಾಶ್ — ತಬ್ಬಿಬ್ಬಾದಳು, ಕುಪಿತಳಾದಳು, ಪುಳಕಿತಳಾದಳು, ಮೂರ್ಛೆ ಹೋದಳು, ಇದಕ್ಕೆ ಒಂದೇ ಉತ್ತರ ಇರಲು ಹೇಗೆ ಸಾಧ್ಯ, ನನ್ನ ರೆಜಿಮೆಂಟಿನ ನಾಲ್ಕು ಜನ ಜೀಪಿನಲ್ಲಿ ಬಂದು ಇಳಿದ ದಿನ ನನ್ನ ಹೆಂಡತಿ ಪೂಜಿತಾ ಮೊದಲು ತಬ್ಬಿಬ್ಬಾದಳು, ಅಡುಗೆಮನೆಗೆ ಕರೆದು ನನ್ನ ಮೇಲೆ ಕುಪಿತಳಾದಳು, ಅವರು ಹಂದಿಮಾಂಸದ ಪಂದಿ ಕರಿ ತಿಂದು ಭಾಭೀಜಿ ಭಾಭೀಜಿ ಅಂತ ಹೊಗಳಿ ಹೋದ ಮೇಲೆ ಪುಳಕಿತಳಾದಳು, ಮೂರ್ಛೆ ಹೋಗಬೇಕಾದವನು ಪಾತ್ರೆ ತೊಳೆದ ನಾನು, ಹೋಗಲಿ, ತಬ್ಬಿಬ್ಬು, ಮೊದಲು ಆದದ್ದು ಅದೇ — ನಿನ್ನೆ ಶರ್ಟಿಗೆ ಇಸ್ತ್ರಿ ಹಾಕುತ್ತಾ ಅವಳಂದದ್ದು, ಕನ್ನಡಲೇ ಫೇಲಾದರೆ ಊರಿಗೆ ಎಂತ ಹೇಳ್ದು, ನಗುತ್ತಲೇ ಅಂದಳು, ಆದರೆ ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತುಬಿಟ್ಟಿತು, ಕಾಲರ್ ಸುಟ್ಟಿತು, ಅವಳಿಗೂ ಭಯವೇ, ಈ ಕಡ್ಡಾಯ ಕನ್ನಡದಲ್ಲಿ ಪಾಸಾಗದಿದ್ದರೆ ಉಳಿದ ಪೇಪರನ್ನು ಯಾರೂ ತಿರುಗಿ ನೋಡುವುದಿಲ್ಲ, ಪಾಸಾದರೆ ಮಾಜಿ ಸೈನಿಕರ ಕೋಟಾದಲ್ಲಿ ಊರ ಹತ್ತಿರವೇ ಗುಮಾಸ್ತನ ಕೆಲಸ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೆ, ಇಲ್ಲವಾದರೆ ಬೋಜಪ್ಪ ಹೇಳಿಟ್ಟಿರುವ ಮೈಸೂರಿನ ಅಪಾರ್ಟ್‌ಮೆಂಟ್ ಗೇಟು, ಯೂನಿಫಾರಂ ಅವರದೇ, ಸೀಟಿ ಅವರದೇ, ಊರಿಗೆ ತಿಂಗಳಿಗೊಮ್ಮೆ, ಮತ್ತೆ ರಜೆ, ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಕೈ ಬೀಸುವುದು, ಸಾಕಾಗಿದೆ ನನಗೆ, ನಿಜಕ್ಕೂ ಸಾಕಾಗಿದೆ.

ಮಾರ್ಚ್ ತಿಂಗಳಲ್ಲಿ ದಿಢೀರನೆ ಸುರಿದ ಮಳೆಯಿಂದ ರೈತರು ಡ್ಯಾಶ್ — ಹರ್ಷಿತರಾದರು, ಆಹಾ, ಇದಕ್ಕೂ ಆಯ್ಕೆ ಬೇಕೇ, ಕಪ್ಪು ಮಾಡಿಯೇ ಬಿಟ್ಟೆ, ಇವತ್ತು ಭಾಗಮಂಡಲದ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ, ನಿನ್ನೆ ಸಂಜೆ ಹೂಮಳೆ ಬಿದ್ದಿದೆ, ಕಾಫಿ ಗಿಡದ ಮೊಗ್ಗು ಬಾಯಾರಿ ಕಾಯುತ್ತಿದ್ದದ್ದು ಇದಕ್ಕೇ, ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ನಿಮ್ಮಲ್ಲಿ ಎಷ್ಟು ಸೆಂಟು ಅಂತ ಕೇಳುತ್ತಾನೆ, ನೂರು ಸೆಂಟಿಗೆ ಒಂದಿಂಚು ಅನ್ನುವ ಲೆಕ್ಕದಲ್ಲಿ ಮಳೆ ಅಳೆಯುವ ಊರು ನಮ್ಮದು, ಬೇಲಿ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಹೂಮಳೆಯ ದಿನ ಫೋನು ಮಾಡುತ್ತಾರೆ, ನಿಂಗಳಲ್ಲಿ ಎಷ್ಟ್ ಸೆಂಟ್ ಅಂತ, ಹೇಳಿ ಇಟ್ಟುಬಿಡುತ್ತಾರೆ — ಆದರೆ ಈ ಎರಡನೆಯ ಆಯ್ಕೆ, ಕಂಗಾಲಾದರು, ಇದು ಇಲ್ಲಿ ಏನು ಮಾಡುತ್ತಿದೆ, ದಿಢೀರನೆ ಅಂತ ಬೇರೆ ಹಾಕಿದ್ದಾರೆ, ಅಯ್ಯೋ, ಪ್ರಶ್ನೆ ಬರೆದವರು ಕೊಡಗಿನವರಲ್ಲ ತೀರ್ಥ, ಬಯಲುಸೀಮೆಯವರು, ಕಣದಲ್ಲಿ ಜೋಳ ಒಣಗಿಸಿದವರು, ಬಳ್ಳಿಯಲ್ಲಿ ದ್ರಾಕ್ಷಿ ಬಿಟ್ಟವರು, ಅವರಿಗೆ ಮಾರ್ಚ್ ಮಳೆ ಅಂದರೆ ಕಂಗಾಲು, ಅಂಗಳದಲ್ಲಿ ಕರಿಮೆಣಸು ಒಣಗಲು ಹಾಕಿದ್ದರೆ ನಾವೂ ಸ್ವಲ್ಪ ಕಂಗಾಲೇ, ಹರ್ಷದಿಂದಲೇ ಟಾರ್ಪಾಲು ಎಳೆದುಕೊಂಡು ಓಡುತ್ತೇವೆ, ಅದಕ್ಕೆ ಇಲ್ಲಿ ವೃತ್ತ ಇಲ್ಲ, ಎದುರಾಳಿ ಯಾವ ನೆಲದಲ್ಲಿ ನಿಂತಿದ್ದಾನೆ ಅಂತ ನೋಡದೆ ಗುಂಡು ಹಾರಿಸಿದ್ದೇನೆ, ಪಕ್ಕಾ ಹೋಯಿತು ಒಂದು ಅಂಕ, ಈ ಅರ್ಧ ಮರೆತ ಕನ್ನಡದಲ್ಲಿ ಪಾಸಾದರೂ ಕೂದಲೆಳೆಯಲ್ಲಿ ಆಗುವವನು ನಾನು, ಆ ಕೂದಲನ್ನೇ ಕಿತ್ತುಕೊಂಡೆ, ಮೇಡಂ, ಇದನ್ನು ಬದಲಾಯಿಸಬಹುದಾ, ಇಲ್ಲ ಸರ್, ಬಾಲ್ ಪೆನ್ನು, ಅಳಿಸಿದರೆ ಮೆಷಿನ್ ಓದುವುದಿಲ್ಲ, ರಬ್ಬರು ಮುಟ್ಟುವ ಹಾಗೇ ಇಲ್ಲ — ರಬ್ಬರು, ಭಾನುವಾರ ಜಗಲಿಯಲ್ಲಿ ಮಗಳು ಅಶ್ವಿತಾ, ಎರಡನೇ ಕ್ಲಾಸಿನವಳು, ನಾಲಿಗೆಯ ತುದಿ ಕಚ್ಚಿಕೊಂಡು ಉಜ್ಜುತ್ತಾ, ಆಚೆ ಈಚೆ — ಬೇಡ, ಈಗ ಬೇಡ, ಮುಂದಿನ ಪ್ರಶ್ನೆ.

ಮುಂದಿನದು, ಅದರ ಮುಂದಿನದು, ಒಂದಕ್ಕೆ ಗೊತ್ತಿದ್ದು, ಎರಡಕ್ಕೆ ಅಂದಾಜಿನಲ್ಲಿ, ಗಿಳಿಹಸಿರಿನವಳು ಕೈ ಕಟ್ಟಿ ಕೂತಿದ್ದಾಳೆ, ಕೊನೆಯ ಐದು ನಿಮಿಷ ಅಂದರು, ಅವನ ಉಪಕಾರವನ್ನು ಊರು ಡ್ಯಾಶ್, ಸ್ಮರಿಸಿತು ಇರಬೇಕು, ಎಲ್ಲವೂ ಮನೆಯಲ್ಲಿ ಆಡದ ಮಾತುಗಳು, ಆದರೂ ಬಿಟ್ಟ ಸ್ಥಳ ಅಂದರೆ ಇಷ್ಟೇ, ಸುತ್ತ ಇರುವವರನ್ನು ನೋಡಿ ನಡುವೆ ಯಾರು ಹೊಂದುತ್ತಾರೆ ಅಂತ ಹೇಳುವುದು, ಅಶ್ವಿತಾಳದೂ ಅದೇ ಹೋಮ್‌ವರ್ಕು, ವೀಣಾ ಟೀಚರ್ ಕೊಟ್ಟದ್ದು, ನನ್ನ ತಂದೆ ಡ್ಯಾಶ್ ಇದ್ದಾರೆ, ಆಯ್ಕೆ ಇಲ್ಲ, ಸ್ವಂತ ಪದ ಬರೆಯಬೇಕು, ನಾನು ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ, ಅವಳು ತಡಮಾಡದೆ ಬರೆದಳು, ಮನೆಯಲ್ಲಿ, ದುಂಡಗೆ, ಅಷ್ಟು ಸಂತೋಷ ನನಗೆ ಯಾವ ಪದಕ ಹಾಕಿಸಿಕೊಂಡಾಗಲೂ ಆಗಿರಲಿಲ್ಲ, ಆಮೇಲೆ ತಿರುಗಿ ನನ್ನ ಮುಖ ನೋಡಿದಳು, ಅಪ್ಪ, ನಿನ್ನ ರಜೆ ಇನ್ನೆಷ್ಟ್ ದಿನ ಉಟ್ಟು, ರಿಟೈರಾದವನಿಗೆ ಇನ್ನೆಷ್ಟು ದಿನ ರಜೆ ಇದೆಯಂತೆ — ಬರೆಯುವುದು ನಿಲ್ಲಿಸಿ ಅಂತ ಮೇಡಂ ಹೇಳುತ್ತಿದ್ದಾರೆ, ನನ್ನ ಹಾಳೆ ಎಳೆಯುತ್ತಿದ್ದಾರೆ, ಸರ್ ಬಿಡಿ ಅನ್ನುತ್ತಿದ್ದಾರೆ, ಬೆರಳು ಬಿಡುತ್ತಿಲ್ಲ — ಪರೀಕ್ಷೆ ಆಗಲಿ ಮಗ, ನೋಡೋಣ ಅಂದೆ, ಅಷ್ಟೇ ಅಂದದ್ದು, ಅವಳು ಸರಿ ಅಂತ ತಲೆಯಾಡಿಸಿದಳು, ಬೇಜಾರೂ ಮಾಡಿಕೊಳ್ಳಲಿಲ್ಲ, ರಬ್ಬರು ತೆಗೆದುಕೊಂಡಳು, ಪೂರ್ತಿ ಅಳಿಸಲಿಲ್ಲ, ಯಲ್ಲಿ ಅನ್ನುವುದನ್ನು ಹಾಗೇ ಬಿಟ್ಟು ಮನೆಯನ್ನಷ್ಟೇ ಅಳಿಸಿದಳು, ಆ ಜಾಗದಲ್ಲಿ ರಜೆ ಅಂತ ಬರೆಯುವುದಕ್ಕೆ, ಪುಟ್ಟ ಕೈ, ಆಚೆ ಈಚೆ, ಪುಡಿಯನ್ನು ಉಫ್ ಅಂತ ಊದಿ ಮತ್ತೆ, ಮ ಹೋಯಿತು, ನೆ ಇನ್ನೂ ಸ್ವಲ್ಪ ಉಳಿದಿದೆ, ಆಚೆ ಈಚೆ, ಆಚೆ ಈಚೆ