ರಕ್ತ ಸಿಂಹಗಳಿಗೆ ಅರ್ಥ ಹೇಳಿದ್ದು

ಅದು ಸಿನೆಮಾ ಅಲ್ಲ, ಕಸಾಯಿಖಾನೆ. ಈ ಮಾತನ್ನು ನಾನು ಉಲ್ಲಾಸನಿಗೆ ಮೊದಲ ದಿನವೇ ಹೇಳಿದ್ದೆ. ಎರಡು ಸಾವಿರ ವರ್ಷದ ಹಿಂದಿನ ರೋಮ್ ಸೈನಿಕರಂತೆ. ಟೊಪ್ಪಿಗೆಯ ನೆತ್ತಿಗೆ ಪೊರಕೆ ಕಟ್ಟಿಕೊಂಡಿದ್ದಾರೆ, ಮೊಣಕಾಲಿನ ಮೇಲಕ್ಕೆ ಲಂಗ ಉಟ್ಟಿದ್ದಾರೆ. ಬರುವುದು, ಕಡಿಯುವುದು, ಕಡಿಸಿಕೊಳ್ಳುವುದು, ಇಷ್ಟೇ ಕತೆ. ಎರಡೂಕಾಲು ಗಂಟೆಯಲ್ಲಿ ಒಬ್ಬನಾದರೂ ಕುಳಿತು ಊಟ ಮಾಡಿದ್ದನ್ನು ನಾನು ಕಾಣಲಿಲ್ಲ.

ಇಸವಿ ಎರಡು ಸಾವಿರದ ಎರಡು, ಏಪ್ರಿಲ್ ತಿಂಗಳು. ಶಿರಸಿಯಲ್ಲಿ ಮನೆಮನೆಗೆ ಕೇಬಲ್ ಬಂದು, ಟಾಕೀಸಿನಲ್ಲಿ ಜನಕ್ಕಿಂತ ತಿಗಣೆ ಹೆಚ್ಚಾಗಿದ್ದ ಕಾಲ. ಟಾಕೀಸು ನಡೆಸುತ್ತಿದ್ದ ಉಲ್ಲಾಸ ನನ್ನ ಹಳೆಯ ವಿದ್ಯಾರ್ಥಿ, ಕನ್ನಡದಲ್ಲಿ ಮೂವತ್ತೈದು ಅಂಕ ತೆಗೆದು ದಾಟಿಕೊಂಡವನು. ಎಲ್ಲಿಂದಲೋ ಒಂದು ಇಂಗ್ಲಿಷ್ ಚಿತ್ರ ತಂದು, ‘ರೋಮ್ ನಗರದ ರಕ್ತ ಸಿಂಹಗಳು’ ಎಂದು ತಾನೇ ನಾಮಕರಣ ಮಾಡಿ, ದೇವಿಕೆರೆಯಿಂದ ದಾಸನಕೊಪ್ಪದವರೆಗೆ ಗೋಡೆಗೋಡೆಗೆ ಅಂಟಿಸಿದ. ಮೊದಲ ಆಟಕ್ಕೆ ಬಂದವರಿಗೆ ಒಂದು ಮಾತೂ ತಿಳಿಯಲಿಲ್ಲ. ಮಧ್ಯಂತರದಲ್ಲಿ ಅರ್ಧ ಜನ ಎದ್ದು ಹೋದರು. ಮರುದಿನ ಬೆಳಿಗ್ಗೆ ಉಲ್ಲಾಸ ನಮ್ಮ ಮನೆಯ ಜಗಲಿಯಲ್ಲಿದ್ದ.

“ಸರ್, ನೀವು ತಾಳಮದ್ದಳೆಲಿ ಅರ್ಥ ಹೇಳ್ತೀರಲ್ಲ, ಹಂಗೇ ಇದಕ್ಕೂ ಒಂದು ಅರ್ಥ ಹೇಳಿಬಿಡಿ. ಮೈಕು ನಾ ಕೊಡ್ತೆ” ಎಂದ.

ಸಿಟ್ಟು ನೆತ್ತಿಗೇರಿತು. ಇಪ್ಪತ್ತೆಂಟು ವರ್ಷದಿಂದ ಅರ್ಥ ಹೇಳುತ್ತಿರುವ ದಿನಕರ ಭಟ್ಟ ನಾನು. ಸಿದ್ದಾಪುರ, ಯಲ್ಲಾಪುರದವರೂ ಕರೆದುಕೊಂಡು ಹೋಗುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು, ಎದುರಿನವನನ್ನು ಮಾತಿನಲ್ಲೇ ಕಟ್ಟಿಹಾಕಬೇಕು. ಅಂಥ ವಿದ್ಯೆಯನ್ನು ಲಂಗದ ಸಿಪಾಯಿಗಳಿಗೆ ಸುರಿಯುವುದೇ? ಹಾಗೆಂದು ಬೈದೆ. ಬೈದು, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ. ತಾಳಮದ್ದಳೆ ಮಳೆಗಾಲದ್ದು, ಶಾಲೆಗೆ ಬೇಸಿಗೆ ರಜೆ, ನಾಲಿಗೆ ತುರಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಒಮ್ಮೆ ಚಿತ್ರ ಹಾಕಿಸಿ ನೋಡಿಕೊಂಡು, ಮಧ್ಯಾಹ್ನ ಮೂರರ ಆಟಕ್ಕೆ ಮಿಷನ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತೆ, ಕೈಯಲ್ಲಿ ಮೈಕು. ಕತೆ ಎನ್ನುವಂಥದ್ದು ಇಷ್ಟು: ರೋಮಿನ ಸೇನಾಪತಿ ಕಾಡಿಗೆ ಬರುತ್ತಾನೆ, ಅಲ್ಲಿದ್ದವರ ಗುಡಿಸಲು ಸುಡುತ್ತಾನೆ, ಅವರ ನಾಯಕನನ್ನು ಹಿಡಿದು ಕಟ್ಟುತ್ತಾನೆ. ನಾಯಕ ತಲೆ ಎತ್ತಿ ಎರಡು ಮಾತು ಉಗುಳುತ್ತಾನೆ. ನಾನು ನಾಲ್ಕು ನಿಮಿಷ ಮಾತಾಡಿದೆ.

“ಅಯ್ಯಾ ಸೇನಾಪತಿ, ಈ ಕಾಡು ನಿನ್ನ ಸಾಮ್ರಾಟನದು ಎಂದೆ. ಸರಿ. ಇದರ ಒಂದು ಮರದ ಬುಡಕ್ಕೆ ಒಂದು ಕೊಡ ನೀರು ಹೊಯ್ದವರ ಹೆಸರನ್ನು ಆ ಸಾಮ್ರಾಟನ ಓಲೆಯಲ್ಲಿ ಓದಿ ಹೇಳು. ನನ್ನ ಅಜ್ಜಿಯ ಬೂದಿ ಬೆರೆತ ನೆಲಕ್ಕೆ ನೀನು ನಿನ್ನೆ ಬಂದೆ. ನಿನ್ನೆ ಬಂದವನು ಇವತ್ತು ಯಜಮಾನನಾದರೆ, ನಾಳೆ ಬರುವವನ ಮುಂದೆ ನೀನು ಯಾರು?”

ಕೆಳಗೆ ಬೆಂಚುಗಳಿಂದ ಚಪ್ಪಾಳೆ ಎದ್ದಿತು. ನಾನು ಇನ್ನೂ ಏರಿದೆ. ಸೇನಾಪತಿಯ ಬಾಯಿಗೆ ಮಾತೇ ಕೊಡಲಿಲ್ಲ. ತಪ್ಪಾದದ್ದು ಅಲ್ಲೇ. ಪ್ರಸಂಗದ ಕೊನೆಗೆ ಸಾಯಬೇಕಾದ ಪಾತ್ರದವನು ಎದುರಾಳಿಗೆ ಒಂದು ಸಂದು ಬಿಟ್ಟು ವಾದ ಮಾಡಬೇಕು, ಇದು ನಮ್ಮಲ್ಲಿ ನಿನ್ನೆ ಮೊನ್ನೆ ಕಲಿತವನಿಗೂ ಗೊತ್ತು. ಚಪ್ಪಾಳೆ ಕೇಳಿ ನನಗೆ ಮರೆತುಹೋಯಿತು. ಸೇನಾಪತಿ ಪೂರ್ತಿ ಸೋತು ನಿಂತ ಹೊತ್ತಿಗೆ ಸರಿಯಾಗಿ, ಪರದೆಯ ಮೇಲೆ ಅವನು ಕತ್ತಿ ಬೀಸಿ ನಾಯಕನ ತಲೆ ಹಾರಿಸಿದ.

ಟಾಕೀಸಿನಲ್ಲಿ ಗಲಾಟೆ ಎದ್ದಿತು. ದಾಸನಕೊಪ್ಪ ಕಡೆಯಿಂದ ಬಂದು ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಸಾವಿತ್ರವ್ವ ಬೆಂಚಿನ ಮೇಲೆ ಹತ್ತಿ ನಿಂತಳು.

“ಮಾತಿನ್ಯಾಗ ಸೋತಾಂವ ತಲಿ ತಗದ್ರ ಅದು ಯಾವ ನ್ಯಾಯರಿ? ನಿಲ್ಲಸ್ರಿ ಮಿಷನ್ನ. ಹಿಂದಕ್ಕ ತಿರುವ್ರಿ.”

ಎಲ್ಲರೂ ಅದನ್ನೇ ಕೂಗಿದರು. ಉಲ್ಲಾಸ ಹೆದರಿ ಆಟ ನಿಲ್ಲಿಸಿದ. ಕಡೆಗೆ ನಾನೇ ಕೆಳಗಿಳಿದು ಬಂದು, ಪ್ರಸಂಗ ಇರುವುದೇ ಹೀಗೆ, ನಾನು ಬರೆದದ್ದಲ್ಲ ಎಂದು ಕೈಮುಗಿಯಬೇಕಾಯಿತು. ಮೂಢರು. ಕತ್ತಿ ಹಿಡಿದವನಿಗೂ ವಾದಕ್ಕೂ ಏನು ಸಂಬಂಧ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಟಾಕೀಸು ತುಂಬಿತು. ಟಿಕೆಟಿನ ಕಿಂಡಿಯ ಹತ್ತಿರ ಉಲ್ಲಾಸ ಒಂದು ನೋಟುಬುಕ್ಕು ಇಟ್ಟು, ಪ್ರೇಕ್ಷಕರು ಅಭಿಪ್ರಾಯ ಬರೆಯಬೇಕು ಎಂದು ಬೋರ್ಡು ಹಾಕಿದ. ಅಭಿಪ್ರಾಯವಂತೆ. ಅದನ್ನು ದಿನಾ ಓದಿದವನು ನಾನೊಬ್ಬನೇ. “ಸೈನಿಕರು ಬರಿಗಾಲಿನಲ್ಲಿ ಕಾಡು ತಿರುಗುತ್ತಾರೆ, ಉಂಬಳ ಹತ್ತಿ ರಕ್ತ ಹೀರುವುದಿಲ್ಲವೇ” ಎಂದು ಒಬ್ಬರು. “ರಕ್ತ ಕಡಿಮೆ ಮಾಡಿ ಎರಡು ಹಾಡು ಸೇರಿಸಿ” ಎಂದು ಇನ್ನೊಬ್ಬರು, ಚಿತ್ರ ಉಲ್ಲಾಸನ ಅಡುಗೆಮನೆಯಲ್ಲಿ ಕುದಿಯುತ್ತಿದೆ ಎನ್ನುವ ಹಾಗೆ. “ಅಷ್ಟು ಒಳ್ಳೆಯ ಕುದುರೆಗಳನ್ನು ಯಾಕೆ ಬೀಳಿಸುತ್ತಾರೆ” ಎಂದು ಮತ್ತೊಬ್ಬರು. ಮನುಷ್ಯರು ಇನ್ನೂರು ಜನ ಬಿದ್ದದ್ದು ಆ ಪುಣ್ಯಾತ್ಮರ ಕಣ್ಣಿಗೆ ಬೀಳಲಿಲ್ಲ. ಕಂಪ್ಯೂಟರ್ ಕ್ಲಾಸು ನಡೆಸುವ ತುಷಾರ ಇಂಗ್ಲಿಷ್ ಬಲ್ಲವನು, ಒಂದು ಪುಟ ಬರೆದಿದ್ದ. ನಾಯಕ ನಿಜವಾಗಿ ಹೇಳುವುದು ‘ತೊಲಗಿ ಹೋಗು’ ಎಂದಷ್ಟೇ, ಅವನ ಬಾಯಿ ಮುಚ್ಚಿದ ಮೇಲೂ ಭಟ್ಟರ ಮಾತು ಮೂರು ನಿಮಿಷ ಕೇಳುತ್ತದೆ, ಇದು ಮೂಲಕ್ಕೆ ಮಾಡಿದ ಅಪಚಾರ, ಇತ್ಯಾದಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅವನ ಪುಟದ ಕೆಳಗೆ ಯಾರೋ ಬರೆದಿದ್ದರು: “ಅರ್ಥ ಅದ್ಭುತ. ಚಿತ್ರ ಅಡ್ಡ ಬರುತ್ತದೆ.” ಇಡೀ ಶಿರಸಿಯಲ್ಲಿ ತಲೆ ಸರಿ ಇದ್ದವರು ಆ ಒಬ್ಬರೇ ಎಂದುಕೊಂಡೆ.

ನನ್ನ ಹೆಂಡತಿ ಶ್ರೀಲಕ್ಷ್ಮಿ ಮೂರನೆಯ ದಿನ ಬಂದು ನೋಡಿದಳು. ಹೇಗಿತ್ತು ಎಂದು ಕೇಳಿದೆ.

“ಅವ್ವು ಕಡಿತ, ನಿಂಗ ಕೊರೀತ್ರಿ. ಎಂಗೆ ತಲೆನೋವು ಬಂತು” ಎಂದಳು.

ಆರು ದಿನ ಹೀಗೆ ನಡೆಯಿತು. ಏಳನೆಯ ದಿನ ಬೆಳಿಗ್ಗೆ ನಮ್ಮೂರಿನ ಬೈರ ಮತ್ತು ಅವನ ಹೆಂಡತಿ ಚೌಡಮ್ಮ ಅಂಗಳಕ್ಕೆ ಬಂದರು. ಬೈರ ಆರೂ ದಿನ ಮುಂದಿನ ಬೆಂಚಿನಲ್ಲಿ ಕೂತಿದ್ದನಂತೆ. ಅವನೂ ಅಭಿಪ್ರಾಯ ಹೇಳಲು ಬಂದನೋ ಎಂದು ನಾನು ಕಾಫಿ ಲೋಟ ಕೆಳಗಿಡದೆ ಕೂತೆ.

“ಮಾಸ್ತರೇ, ಹೊಡೆದಾಟ ನಾ ನೋಡ್ಲೇ ಇಲ್ಲ” ಎಂದ ಬೈರ. “ಅದು ಬರೂವಾಗ ಕಣ್ಣು ಮುಚ್ಕಂಡು ಕೂತ್ಕಳ್ತಿದ್ದೆ. ಆ ಕಾಡಿನವ ಮಾತಾಡೂದು ಕೇಳೂಕೆ ಬಂದೆ. ಅದು ನನ್ ಹೊಟ್ಟೇಲಿದ್ದ ಮಾತು. ನಂಗೆ ಹೇಳೂಕೆ ಬರೂದಿಲ್ಲ.”

ಚೌಡಮ್ಮ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ಕೊಟ್ಟಳು. ಅರಣ್ಯ ಕಚೇರಿಯ ನೋಟೀಸು. ಹಳ್ಳದ ಮೇಲಿನ ಅವರ ಒಂದೆಕರೆ ಜಾಗ ಕಾಡು ಒತ್ತುವರಿ ಮಾಡಿದ್ದು, ಸೋಮವಾರ ವಿಚಾರಣೆಗೆ ಬರಬೇಕು. ಎಪ್ಪತ್ತೆಂಟನೆಯ ಇಸವಿಗಿಂತ ಮೊದಲು ಸಾಗುವಳಿ ಮಾಡಿದ್ದಾದರೆ ಜಾಗ ಉಳಿಯುತ್ತದೆ, ಆಮೇಲಿನದಾದರೆ ಬಿಡಬೇಕು. ಅವರ ಹತ್ತಿರ ರಶೀದಿಯಿಲ್ಲ, ಕಾಗದವಿಲ್ಲ. ನೋಡಿದವರು ಯಾರಾದರೂ ಬಂದು ಹೇಳಬೇಕು.

“ನೀವು ಬಂದು ಒಂದು ಮಾತು ಹೇಳಿ ಮಾಸ್ತರೇ” ಎಂದಳು ಚೌಡಮ್ಮ. “ನಿಮ್ಮ ಮದುವೆಗೆ ಬಾಳೆಲೆ ಬಂದದ್ದು ನಮ್ಮ ಆ ಜಾಗದಿಂದನೇಯ. ಎಂಟು ಹೊರೆ. ನಾನೇ ಕೊಯ್ದು ಹೊತ್ತು ತಂದದ್ದು.”

ನಿಜ. ನನ್ನ ಮದುವೆ ಆದದ್ದು ಎಪ್ಪತ್ತೈದರ ಮೇ ತಿಂಗಳಲ್ಲಿ. ಮದುವೆಯ ಇಸವಿಯನ್ನು ಯಾವ ಗಂಡಸೂ ಮರೆಯುವಂತಿಲ್ಲ, ಮರೆತರೆ ಮನೆಯಲ್ಲಿ ಬದುಕಲು ಬಿಡುವುದಿಲ್ಲ. ನಾನು ಎದ್ದು ನಿಂತೆ. ಒಂದು ಮಾತಲ್ಲ, ಒಂದು ಗಂಟೆ ಮಾತಾಡುತ್ತೇನೆ, ಕಾನೂನು ಬರೆದವನೂ ಬಂದು ಕೇಳಬೇಕು, ಹಾಗೆ ಹೇಳುತ್ತೇನೆ ಎಂದೆ. ಬೈರ ಕಣ್ಣು ಒರೆಸಿಕೊಂಡ. ಅವರು ಹೋದ ಮೇಲೆ ಮೂರು ದಿನ ತೋಟದಲ್ಲಿ ತಿರುಗುತ್ತ ಮಾತು ಕಟ್ಟಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸ್ವರ ಇಳಿಸಬೇಕು, ಎಲ್ಲಾ ಗೊತ್ತುಮಾಡಿಕೊಂಡೆ.

ಸೋಮವಾರ ಹತ್ತೂವರೆಗೆ ಕಚೇರಿಗೆ ಹೋದೆವು. ವಿಚಾರಣೆ ಮಾಡುವ ಅಧಿಕಾರಿ ಹಾವೇರಿ ಕಡೆಯವರು, ಇಲ್ಲಿಗೆ ಬಂದು ವರ್ಷವೂ ಆಗಿರಲಿಲ್ಲ. ಗುಡುಗುವವನು, ಮೀಸೆ ತಿರುವುವವನು ಇರಬಹುದೆಂದು ನಾನು ತಯಾರಾಗಿ ಹೋಗಿದ್ದೆ. ಇವರು ಎದ್ದು ನಿಂತು ಕೈಮುಗಿದರು.

“ಬರ್ರಿ ಮಾಸ್ತರ್ರ, ಕುಂದರ್ರಿ. ನಿಮ್ಮ ಸಿನೆಮಾ ನಾನೂ ನೋಡಿದ್ನಿ. ಆ ಕಾಡಿನ ನಾಯಕಂದು ಭಾಳ ಚಲೋ ಮಾತಾಡಿದ್ರಿ.”

ಚಹಾ ತರಿಸಿದರು. ನನಗೊಬ್ಬನಿಗೆ. ಬೈರ, ಚೌಡಮ್ಮ ಬಾಗಿಲ ಹತ್ತಿರ ನಿಂತಿದ್ದರು. ಅಧಿಕಾರಿ ಫೈಲು ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು.

“ನಿಮ್ಮೂರಿನ ಸೊಪ್ಪಿನ ಬೆಟ್ಟದ ನಕಾಶೆನೂ ಇದರಾಗ ಐತಿ ನೋಡ್ರಿ. ನಿಮ್ಮ ಹೆಸರಿನ ಬೆಟ್ಟದಾಗ ಅಡಿಕಿ ಗಿಡ ಕಾಣಸ್ತಾವಂತ ನಮ್ಮ ಗಾರ್ಡ್ ಬರದಾನ. ಇರ್ಲಿ, ಅದನ್ನ ಮುಂದ ನೋಡೂಣು. ಈಗ ಈ ಬೈರಂದು ಹೇಳ್ರಿ. ಯಾವ ಇಸವಿ?”

ಸೊಪ್ಪಿನ ಬೆಟ್ಟ ಎಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಸರ್ಕಾರ ನಮಗೆ ಬಿಟ್ಟುಕೊಟ್ಟ ಕಾಡು. ಸೊಪ್ಪು ಕಡಿಯಬಹುದು, ತೋಟ ಎಬ್ಬಿಸುವಂತಿಲ್ಲ. ತೊಂಬತ್ತೊಂದರಲ್ಲಿ ನಾನು ಅದರೊಳಗೆ ಅರ್ಧ ಎಕರೆ ಅಡಿಕೆ ಹಾಕಿದ್ದೆ. ನಮ್ಮ ಕಡೆ ಎಲ್ಲರೂ ಹಾಕಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡು ಹಾಕಿದ್ದೆ. ಈಗ ಫಸಲು ಬರುತ್ತಿತ್ತು.

ಆ ಅಧಿಕಾರಿ ಬೆದರಿಸಿದರೋ, ಫೈಲಿನಲ್ಲಿ ಕಂಡದ್ದನ್ನು ಸುಮ್ಮನೆ ಓದಿ ಹೇಳಿದರೋ, ನನಗೆ ಇವತ್ತಿಗೂ ತಿಳಿಯದು. ಅವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದರು. ಅವರಿಗೆ ವಾದ ಬೇಕಾಗಿರಲಿಲ್ಲ, ಸ್ವರದ ಏರಿಳಿತ ಬೇಕಾಗಿರಲಿಲ್ಲ. ಒಂದು ಇಸವಿ ಬೇಕಾಗಿತ್ತು. ಒಂದನೇ ಕ್ಲಾಸಿನ ಮಗು ಕೂಡ ಹೇಳಬಹುದಾದ ಎರಡು ಅಂಕಿ.

“ಬಹಳ ಹಳೆಯದು” ಎಂದೆ.

“ಹಳೇದು ಅಂದ್ರ?”

“ಅಂದರೆ, ತುಂಬಾ ವರ್ಷವಾಯಿತು.”

“ಎಪ್ಪತ್ತೆಂಟರ ಹಿಂದೋ ಮುಂದೋ, ಅಷ್ಟ ಹೇಳ್ರಿ ಸಾಕು.”

ಚಹಾ ಕುಡಿದೆ. ಬಿಸಿ ಇತ್ತು, ಗಂಟಲು ಸುಟ್ಟಿತು. ಬಾಗಿಲ ಕಡೆ ನೋಡಲಿಲ್ಲ.

“ಸರಿಯಾಗಿ ನೆನಪಿಲ್ಲ” ಎಂದೆ.

ಚೌಡಮ್ಮ ಒಳಗೆ ಎರಡು ಹೆಜ್ಜೆ ಬಂದಳು. “ಮಾಸ್ತರೇ, ಬಾಳೆಲೆ” ಎಂದಳು. ಅಷ್ಟೇ ಹೇಳಿದಳು. ಅಧಿಕಾರಿ ನನ್ನನ್ನು ನೋಡಿದರು. ಬಾಳೆಲೆ ಎಲ್ಲಿಂದೆಲ್ಲ ತರಿಸಿದ್ದರೋ, ಅದೆಲ್ಲ ಅಪ್ಪ ನೋಡಿಕೊಂಡಿದ್ದರು, ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ತಡವರಿಸಲೂ ಇಲ್ಲ. ಅಧಿಕಾರಿ ಬರೆದುಕೊಂಡರು. ಸಾಕ್ಷಿಗೆ ನೆನಪಿಲ್ಲ. ಕೆಳಗೆ ನನ್ನ ಸಹಿ ಕೇಳಿದರು. ಮುದ್ದಾದ ಅಕ್ಷರದಲ್ಲಿ, ಹೈಸ್ಕೂಲ್ ಅಧ್ಯಾಪಕರು ಎಂದೂ ಸೇರಿಸಿ, ಹಾಕಿದೆ.

ಥೂ. ಊರ ಮೂಢರನ್ನೆಲ್ಲ ಬೈದ ನಾಲಿಗೆ ಇದು. ಬೈರನಿಗೆ ಏನೋ ಹೇಳಬೇಕು, ಏನಾದರೂ ಒಂದು ಸಮಜಾಯಿಷಿ ಕಟ್ಟಬೇಕು ಎಂದು ಹೊರಗೆ ಬಂದೆ. ಅವರು ಕಚೇರಿಯ ಗೇಟಿನ ಹತ್ತಿರ ನಿಂತಿದ್ದರು. ಚೌಡಮ್ಮ ನನ್ನನ್ನು ಕಂಡದ್ದೇ ಮುಖ ತಿರುಗಿಸಿ ರಸ್ತೆ ದಾಟಿ ಹೋದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ಅದು ನನಗೆ ಬರುತ್ತದೆ.

ಬೈರ ನಿಂತಿದ್ದ. ಸಾಹೇಬರ ಮುಂದೆ ಹೋಗಬೇಕೆಂದು ಇಸ್ತ್ರಿ ಮಾಡಿಸಿಕೊಂಡು ಬಂದ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿಕೊಂಡ.

“ಬೆಟ್ಟದಲ್ಲಿ ಆ ಅಡಿಕೆ ಸಸಿ ನಿಮ್ಗೆ ನೆಟ್ಟು ಕೊಟ್ಟವ ನಾನೇ ಅಲ್ವಾ ಮಾಸ್ತರೇ” ಎಂದ. “ಹೆದರ್ಬೇಡಿ. ನನ್ನನ್ನ ಕರ್ದು ಕೇಳಿದ್ರೆ ನಂಗೂ ಇಸವಿ ನೆನಪಿಲ್ಲ ಹೇಳ್ತೆ.”

ಅದರಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಅವನು ಹೆಂಡತಿ ಹೋದ ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದ.